ರಾಯಿಕೋಡಿನಿಂದ ಅಷ್ಟೂರಿಗೆ: ಹೊಲಗಳ ನಡುವಿನ ಹಳೆಯ ದಾರಿ

ರಾಯಿಕೋಡಿನ ವೀರಭದ್ರನ ಗುಡಿಯಿಂದ ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ಹೋಗಲು ಇಂದು ಡಾಂಬರು ರಸ್ತೆಯಿದೆ. ಬಸ್ಸು, ಆಟೋ, ಮೋಟಾರ್‌ಸೈಕಲ್ಲುಗಳ ಈ ಕಾಲದಲ್ಲಿ ಅಷ್ಟು ದೂರವನ್ನು ಕಾಲಿನಿಂದ ಸವೆಸುವವರು ವಿರಳ. ಆದರೂ ಶಿವರಾತ್ರಿ ಸಮೀಪಿಸಿದಾಗ, ಶ್ರಾವಣದ ಸೋಮವಾರ ಬಂದಾಗ, ಹೆಗಲಿಗೆ ಬುತ್ತಿಯ ಗಂಟು ಕಟ್ಟಿಕೊಂಡು ಹೊಲಗಳ ನಡುವೆ ಸಾಲಾಗಿ ನಡೆಯುವ ಜನ ಕಾಣಸಿಗುತ್ತಾರೆ. ಅವರು ಹಿಡಿಯುವುದು ಡಾಂಬರಿನ ಹಾದಿಯನ್ನಲ್ಲ. ಬದುವಿನ ಮೇಲೆ ಹಾದು, ಹಳ್ಳಕ್ಕೆ ಇಳಿದು, ಬೇವಿನ ಮರದ ಬುಡದಲ್ಲಿ ತಿರುವು ಪಡೆದು, ಮತ್ತೊಂದು ಊರಿನ ಅಗಸೆಯ ಮುಂದೆ ಏಳುವ ಹಳೆಯ ಬಂಡಿದಾರಿಯನ್ನು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಬಂದ ಆ ದಾರಿ ಒಂದು ಕಡೆ ಎರಡು ಗಾಲಿಗಳ ಗುರುತಾಗಿ ಸ್ಪಷ್ಟವಾಗಿರುತ್ತದೆ; ಇನ್ನೊಂದು ಕಡೆ ಒಬ್ಬನ ಕಾಲಿಗೆ ಮಾತ್ರ ಸಾಲುವಷ್ಟು ಕಿರಿದಾಗುತ್ತದೆ; ಮುಂದೆ ಎಲ್ಲಿಯೋ ತಂತಿಬೇಲಿಯ ಮುಂದೆ ನಿಂತೇಬಿಡುತ್ತದೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಗಳ ಕನ್ನಡಿಗರಿಗೆ ಇಂಥ ದಾರಿಗಳು ಹೊಸವಲ್ಲ. ಬೀಗರ ಊರಿಗೆ, ಮಠಕ್ಕೆ, ಸಂತೆಗೆ, ಜಾತ್ರೆಗೆ ಹಿಂದಿನವರು ಹೋಗಿಬಂದದ್ದು ಇವುಗಳ ಮೇಲೆಯೇ. ಆದರೆ ಈ ದಾರಿಗಳನ್ನು ನೋಡತಕ್ಕ ಸ್ಥಳಗಳೆಂದು, ಕಾಪಾಡತಕ್ಕ ಆಸ್ತಿಯೆಂದು ಎಣಿಸಿದವರು ಕಡಿಮೆ. ದೂರದ ಒಂದು ದೇಶದಲ್ಲಿ ಹೊಲದ ದಾರಿಗೆ ಸಂದಿರುವ ಗೌರವವನ್ನು ನೋಡಿದರೆ ನಮ್ಮ ಕಾಲಡಿಯ ದಾರಿಯ ಬೆಲೆ ತಿಳಿದೀತು.

ಫ್ರಾನ್ಸ್ ದೇಶದ ದ್ರಾಕ್ಷಿಯ ಸೀಮೆಗಳಲ್ಲಿ ಕಾಲ್ನಡಿಗೆಯ ಪ್ರವಾಸವೆಂಬುದು ದೊಡ್ಡ ಸಂಪ್ರದಾಯವಾಗಿ ಬೆಳೆದಿದೆ. ಬೆನ್ನಿಗೆ ಚೀಲ ಹಾಕಿಕೊಂಡವರು ದ್ರಾಕ್ಷಿಯ ಸಾಲುಗಳ ನಡುವೆ ದಿನಗಟ್ಟಲೆ ನಡೆಯುತ್ತಾರೆ. ಬರ್ಗಂಡಿಯಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು 12ನೆಯ ಶತಮಾನದಿಂದ ಬೆಳೆಸಿದ ಕ್ಲೋ ದ ವೂಜೋ ಎಂಬ ಕಲ್ಲುಗೋಡೆಯ ತೋಟ ಅವರ ದಾರಿಗೆ ಸಿಗುತ್ತದೆ. ಬೋರ್ದೋ ಸೀಮೆಯ ಸೇಂತ್ ಎಮಿಲಿಯೋನಿನಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಚರ್ಚು ಸಿಗುತ್ತದೆ. ಈ ಸೇಂತ್ ಎಮಿಲಿಯೋನ್ 1999ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬರ್ಗಂಡಿಯ ತೋಟಗಳೂ ಷಾಂಪೇನ್ ಸೀಮೆಯೂ 2015ರಲ್ಲಿ ಸೇರಿದವು. ಅರಮನೆಗೋ ಕೋಟೆಗೋ ಸಲ್ಲುವ ಮಾನ ಅಲ್ಲಿ ಹೊಲಕ್ಕೆ ಸಂದಿದೆ.

ಆ ನಡಿಗೆಗೆ ಒಂದು ವ್ಯವಸ್ಥೆಯಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಲ್ವಾರ್ ನದಿಯ ಬದಿಯ ಓರ್ಲೆಯಾನ್ ಸಮೀಪದಲ್ಲಿ ಮೊದಲ ದೂರದ ಕಾಲುದಾರಿಗೆ ಗುರುತು ಹಾಕಲಾಯಿತು. ಮರ, ಕಲ್ಲು, ಗೋಡೆ, ಕಂಬಗಳ ಮೇಲೆ ಬಿಳಿ ಮತ್ತು ಕೆಂಪು ಬಣ್ಣದ ಎರಡು ಪಟ್ಟಿ ಎಳೆದರೆ ಮುಗಿಯಿತು. ದಾರಿ ಸರಿಯಿದೆ ಎಂದು ನಡೆಯುವವನಿಗೆ ತಿಳಿಯುತ್ತದೆ. ಊರಿನ ಸುತ್ತಲಿನ ಚಿಕ್ಕ ದಾರಿಗಳಿಗೆ ಹಳದಿ ಪಟ್ಟಿ. ಹೆಚ್ಚಿನವು ಹೊಸದಾಗಿ ಕಡಿದ ದಾರಿಗಳಲ್ಲ. ರೈತರೂ ಕುರುಬರೂ ಯಾತ್ರಿಕರೂ ತುಳಿದು ಮಾಡಿದ್ದ ಹಳ್ಳಿಯ ದಾರಿಗಳು. ಅಲ್ಲಿಯೂ ಹಿಡುವಳಿಗಳನ್ನು ಕೂಡಿಸಿ ದೊಡ್ಡದು ಮಾಡುವ ಭರದಲ್ಲಿ ಎಷ್ಟೋ ದಾರಿಗಳು ನೇಗಿಲಿನ ಬಾಯಿಗೆ ಬಿದ್ದವು. ಆಗ ನೆರವಿಗೆ ಬಂದದ್ದು ಕಾನೂನು. 1983ರ ಜುಲೈ 22ರ ಕಾಯಿದೆಯು ಪ್ರತಿಯೊಂದು ಜಿಲ್ಲೆಯೂ ತನ್ನ ನಡಿಗೆಯ ದಾರಿಗಳ ಪಟ್ಟಿ ಮಾಡುವುದಕ್ಕೆ ಅವಕಾಶ ಕಲ್ಪಿಸಿತು. ಈ ಪಟ್ಟಿಗೆ ಸೇರಿದ ಹಳ್ಳಿಯ ದಾರಿಯನ್ನು ಮಾರಬೇಕಾದರೆ ಅಥವಾ ಮುಚ್ಚಬೇಕಾದರೆ ಸ್ಥಳೀಯ ಆಡಳಿತವು ಮೊದಲು ಬದಲಿ ದಾರಿಯನ್ನು ಒದಗಿಸಬೇಕು. ಪ್ರವಾಸಿಗರು ಹೊಗಳುವ ಆ ಸುಂದರ ನಡಿಗೆಯ ಬುಡದಲ್ಲಿರುವುದು ಈ ಒಂದು ಸರಳ ನಿಯಮ.

ಈಗ ಮರಳಿ ರಾಯಿಕೋಡಿಗೆ. ಊರಿನ ಹೆಸರಿನಲ್ಲಿರುವ ಕೋಡು ಎಂಬ ಮಾತು ಕನ್ನಡಕ್ಕೂ ತೆಲುಗಿಗೂ ಸೇರಿದ್ದು. ಊರಿನಿಂದ ಪಶ್ಚಿಮಕ್ಕೆ ಹೊರಟವನ ಕಾಲಿಗೆ ಎರಡು ಬಗೆಯ ಮಣ್ಣು ಸಿಗುತ್ತದೆ. ತಗ್ಗಿನಲ್ಲಿ ಕಪ್ಪು ಎರೆ. ದಿಬ್ಬದ ಮೇಲೆ ಜಂಬಿಟ್ಟಿಗೆ ಕಲ್ಲಿನಿಂದ ಆದ ಕೆಂಪು ಮಸಾರಿ. ಬೀದರದಿಂದ ಜಹೀರಾಬಾದಿನ ಕಡೆಗೆ ಹಬ್ಬಿರುವ ಈ ಕೆಂಪು ಎತ್ತರದ ನೆಲ ಮಳೆಯ ನೀರನ್ನು ಅರಗಿನ ಹಾಗೆ ತಡೆಯುವುದಿಲ್ಲ. ತೂತು ತೂತಾದ ಕಲ್ಲಿನೊಳಗೆ ಹೀರಿಕೊಳ್ಳುತ್ತದೆ. ಒಳಗಿಳಿದ ನೀರು ಕೆಳಗಿನ ಗಟ್ಟಿ ಕರಿಗಲ್ಲಿನ ಪದರವನ್ನು ಮುಟ್ಟಿ, ಪಕ್ಕಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬೀದರದ ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶಗಳು ಹುಟ್ಟಿದ್ದು ಹೀಗೆ. ಎಲ್ಲಿ ಒರತೆಯೋ ಅಲ್ಲಿ ಗುಡಿ, ಎಲ್ಲಿ ಗುಡಿಯೋ ಅಲ್ಲಿಗೆ ದಾರಿ ಎಂಬಂತೆ ಈ ಸೀಮೆಯ ನಕ್ಷೆ ಬೆಳೆದಿದೆ.

ಹೊಲದ ರೂಪ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಮುಂಗಾರಿನಲ್ಲಿ ಹೆಸರು, ಉದ್ದು, ತೊಗರಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬಿ. ಮಸಾರಿ ನೆಲದಲ್ಲಿ ನವಣೆ, ಸಾವೆಗಳ ಜೊತೆಗೆ ಅಕ್ಕಡಿ ಸಾಲಿನಲ್ಲಿ ಹತ್ತಾರು ಬಗೆಯ ಕಾಳು. ನೀರಿರುವ ಕಡೆ ಕಬ್ಬು, ಶುಂಠಿ, ಆಲೂಗಡ್ಡೆ. ಜೋಳದ ಹೊಲದ ದಾರಿ ನಡೆಯುವವನಿಗೆ ತೆರೆದ ದಾರಿ. ಎದುರಿನ ಊರಿನ ಗುಡಿಯ ಶಿಖರ ದೂರದಿಂದಲೇ ಕಾಣುತ್ತದೆ. ಕಬ್ಬಿನ ನಡುವಿನ ದಾರಿ ಎರಡು ಹಸಿರು ಗೋಡೆಗಳ ಓಣಿಯಂತೆ. ಅಲ್ಲಿ ಬದುವಿನ ಗುರುತು ತಪ್ಪಿದರೆ ಹೊರಬರುವುದು ಕಷ್ಟ. ನೀರಾವರಿ ಬಂದಲ್ಲಿ ನೆಲದ ಬೆಲೆ ಏರುತ್ತದೆ, ನೆಲದ ಬೆಲೆ ಏರಿದಲ್ಲಿ ದಾರಿ ಕಿರಿದಾಗುತ್ತದೆ. ಇದನ್ನು ಯಾವ ಹಳ್ಳಿಯಲ್ಲಿಯೂ ಹೊಸದಾಗಿ ಹೇಳಬೇಕಾಗಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಈ ದಾರಿಗಳು ತುಂಬಿ ಹರಿಯುತ್ತವೆ. ಎಳ್ಳ ಅಮಾವಾಸ್ಯೆಯ ದಿನ ಬೀದರ ಸೀಮೆಯಂತೆ ಇಲ್ಲಿಯೂ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸೊಪ್ಪು, ಹಸಿಕಾಳುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳ ಬುತ್ತಿ ಬಿಚ್ಚಿ, ಭೂಮಿತಾಯಿಗೆ ಚರಗ ಚೆಲ್ಲಿ, ನೆಂಟರಿಷ್ಟರನ್ನು ಕರೆದು ಉಣ್ಣುತ್ತಾರೆ. ಬೀಗರ ಹೊಲಕ್ಕೆ ಹೋಗುವ ದಾರಿ ಆ ದಿನ ಯಾರಿಗೂ ಅಡ್ಡಿಯಿಲ್ಲ.

ಸಂಕ್ರಾಂತಿಯ ನಂತರ ಮತ್ತೊಂದು ಮೆರವಣಿಗೆ ಹೊರಡುತ್ತದೆ. ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ನೆಲೆಗೊಂಡ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಈ ಸೀಮೆಯ ಬಡ ಹೆಣ್ಣುಮಕ್ಕಳ ಸಂಘಗಳೊಡನೆ ಕೆಲಸ ಮಾಡುತ್ತ ಬಂದಿದೆ. ಅವರಲ್ಲಿ ಬಹುಪಾಲು ದಲಿತ ರೈತ ಮಹಿಳೆಯರು. ಹಳೆಯ ಬೀಜಗಳನ್ನು ಮಣ್ಣಿನ ಗಡಿಗೆ, ಬುಟ್ಟಿಗಳಲ್ಲಿ ತುಂಬಿ, ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿಟ್ಟು, ಊರಿಂದೂರಿಗೆ ಸುಮಾರು ಒಂದು ತಿಂಗಳು ಸಾಗುವ ಪಾತ ಪಂಟಲ ಜಾತರ, ಅಂದರೆ ಹಳೆಯ ಬೆಳೆಗಳ ಜಾತ್ರೆ, ಅವರದು. ಈ ಸಂಸ್ಥೆಯನ್ನು ದಶಕಗಳ ಕಾಲ ಮುನ್ನಡೆಸಿದ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಝರಾಸಂಗಮದ ಸೀಮೆಯ ಮಾಚನೂರಿನಿಂದ ಆ ಮಹಿಳೆಯರೇ ನಡೆಸುವ ಸಂಘಂ ರೇಡಿಯೋ 2008ರಿಂದ ಬಿತ್ತರವಾಗುತ್ತಿದೆ. ಈ ಜಾತ್ರೆಯ ಹೊತ್ತಿಗೇ, ಜನವರಿಯ ಕೊನೆಯಲ್ಲಿ, ಬರ್ಗಂಡಿಯ ದ್ರಾಕ್ಷಿ ಬೆಳೆಗಾರರು ತಮ್ಮ ಕುಲದೈವವಾದ ಸಂತ ವಿನ್ಸೆಂಟನ ಮೂರ್ತಿಗಳನ್ನು ಹೊತ್ತು ಚಳಿಯಲ್ಲಿ ತೋಟಗಳ ನಡುವೆ ನಡೆಯುತ್ತಾರೆ. 1938ರಲ್ಲಿ ಈಗಿನ ರೂಪ ಪಡೆದ ಆ ಉತ್ಸವ ವರ್ಷಕ್ಕೊಂದು ಊರಿನಂತೆ ಸರದಿಯಲ್ಲಿ ನಡೆಯುತ್ತದೆ. ಅಲ್ಲಿ ಸಂತನ ಮೂರ್ತಿ, ಇಲ್ಲಿ ಬೀಜದ ಗಡಿಗೆ. ಎರಡೂ ಕಡೆ ಬೆಳೆದವರೇ ತಮ್ಮ ನೆಲದ ಮೇಲೆ ನಡೆದು ಅದನ್ನು ಗೌರವಿಸುತ್ತಾರೆ.

ಝರಾಸಂಗಮಕ್ಕೆ ಬಂದವನು ಮೊದಲು ಕಾಣುವುದು ಗುಂಡವನ್ನು. ಹೆಸರಿನಲ್ಲಿಯೇ ಝರಿಯಿರುವ ಈ ಊರಿನ ಪುಷ್ಕರಣಿಯಲ್ಲಿ ಮಿಂದು ಕುಪೇಂದ್ರನೆಂಬ ರಾಜನ ಚರ್ಮರೋಗ ವಾಸಿಯಾಯಿತೆಂದು ಸ್ಥಳಪುರಾಣ. ಶಿವಪೂಜೆಗೆ ಬೇರೆಡೆ ಸಲ್ಲದ ಕೇದಗೆಯ ಹೂವು ಇಲ್ಲಿ ಸಲ್ಲುತ್ತದೆ. ಆದ್ದರಿಂದಲೇ ದೇವರಿಗೆ ಕೇತಕಿ ಸಂಗಮೇಶ್ವರನೆಂಬ ಹೆಸರು. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ರಾಜ್ಯಗಳ ಭಕ್ತರು ಬರುವ ಈ ಅಂಗಳದಲ್ಲಿ ಹರಕೆಗಳು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮರಾಠಿಯಲ್ಲಿಯೂ ಕೇಳಿಸುತ್ತವೆ.

ಝರಾಸಂಗಮದಿಂದ ನ್ಯಾಲಕಲ್ ಸೀಮೆಯನ್ನು ಹಾದು ವಾಯವ್ಯಕ್ಕೆ ನಡೆದರೆ ಬೀದರ. ಈ ಭಾಗದಲ್ಲಿ ನಡೆಯುವವನಿಗೆ ಕಣ್ಣಿಗೆ ಕಾಣದ ಒಂದು ಗೆರೆ ಅಡ್ಡ ಬರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆ ಕಾಯಿದೆಯ ಮೂರನೆಯ ಕಲಮು ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲೂಕನ್ನೂ, ನಿರ್ಣಾ ವಲಯವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕನ್ನೂ, ಬೀದರ ತಾಲೂಕಿನ ನ್ಯಾಲಕಲ್ ವಲಯವನ್ನೂ ಆಂಧ್ರಕ್ಕೆ ಸೇರಿಸಿತು. ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಅದೇ ಕಲಮಿನಲ್ಲಿ ಸೇರಿದವು. ನಿರ್ಣಾ ಮೈಸೂರಿಗೆ ಉಳಿಯಿತು. ಆ ವರ್ಷದ ನವೆಂಬರ್ 1ರಂದು ತಾಯಿಯ ತವರು ಒಂದು ರಾಜ್ಯವಾಯಿತು, ಮಗಳ ಮನೆ ಇನ್ನೊಂದಾಯಿತು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಹಳೆಯ ಕಾಗದಗಳಲ್ಲಿ ಉರ್ದು ಎಂಬ ಬದುಕು ಇಲ್ಲಿಯದು. ಗೆರೆ ಎಳೆದ ಮೇಲೂ ಬಂಡಿಗಳು ಅದೇ ದಾರಿಯಲ್ಲಿ ಬೀಗರ ಮನೆಗೆ ಹೋದವು. ಹೆದ್ದಾರಿಯ ಗಡಿಯಲ್ಲಿ ಫಲಕವುಂಟು. ಹೊಲದ ದಾರಿಯ ಗಡಿಯಲ್ಲಿ ಒಂದು ಬದುವಿರಬಹುದು, ಅಷ್ಟೇ.

ಪೂರ್ವದಿಂದ ಬರುವವನಿಗೆ ಬೀದರದ ಕೋಟೆಗಿಂತ ಮೊದಲು ಸಿಗುವುದು ಅಷ್ಟೂರಿನ ಗುಮ್ಮಟಗಳು. ಗುಲಬರ್ಗಾದಿಂದ ಬೀದರಕ್ಕೆ ರಾಜಧಾನಿಯನ್ನು ತಂದ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ 1436ರಲ್ಲಿ ತೀರಿಕೊಂಡು ಇಲ್ಲಿ ಮಲಗಿದ್ದಾನೆ. ಅವನ ಗೋರಿಯ ಒಳಗೋಡೆಗಳಲ್ಲಿ ಚಿನ್ನದ ಬಣ್ಣದ ಬರಹ, ಕೆಂಪು ನೀಲಿಗಳ ಚಿತ್ತಾರ. ಸ್ವಲ್ಪ ದೂರದಲ್ಲಿ ಸಿಡಿಲು ಬಡಿದು ಅರ್ಧ ಒಡೆದು ನಿಂತ ಹುಮಾಯೂನ್ ಶಾಹನ ಗುಮ್ಮಟ. ವರ್ಷಕ್ಕೊಮ್ಮೆ ನಡೆಯುವ ಉರುಸಿನಲ್ಲಿ ಅಹ್ಮದ್ ಶಾಹನನ್ನು ಮುಸಲ್ಮಾನರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ಭಾವಿಸಿ ನಡೆದುಕೊಳ್ಳುತ್ತಾರೆ. ಆ ಉತ್ಸವಕ್ಕೆ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ತಮ್ಮ ಭಕ್ತರೊಡನೆ ಕಾಲ್ನಡಿಗೆಯಲ್ಲಿ ಬರುವ ವಾಡಿಕೆಯಿದೆ. ಊರೂರು ದಾಟಿ ಬರುವ ಆ ನಡಿಗೆಯೂ ಉತ್ಸವದ ಒಂದು ಅಂಗವೇ. 15ನೆಯ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕೊಂಕಣದ ಕರಾವಳಿಯ ಚೌಲದಲ್ಲಿ ಹಡಗಿಳಿದು ಬೀದರಕ್ಕೆ ಬಂದಾಗಲೂ ಅವನನ್ನು ತಂದದ್ದು ದಖ್ಖನದ ನೆಲದಾರಿಗಳೇ.

ದಕ್ಷಿಣಕ್ಕೆ ತಾಂಡೂರಿನ ಕಡೆ ಮತ್ತೊಂದು ನಡಿಗೆಯಿದೆ. ಫರಸಿ ಕಲ್ಲಿನ ಗಣಿಗಳಿಗೆ ಹೆಸರಾದ ಆ ಸೀಮೆಯಲ್ಲಿ ಸುಣ್ಣದಕಲ್ಲಿನ ಪದರದ ಮೇಲಿನ ಕರಿಮಣ್ಣು ತೊಗರಿಗೆ ವಿಶೇಷ ರುಚಿಯನ್ನು ಕೊಡುತ್ತದೆಂಬ ನಂಬಿಕೆ ಹಳೆಯದು. 2022ರ ಕೊನೆಯಲ್ಲಿ ತಾಂಡೂರಿನ ತೊಗರಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಮಣ್ಣಿನ ಗುಣವೇ ಬೆಳೆಯ ಹೆಸರಾಗಬೇಕು, ಆ ಹೆಸರನ್ನು ಬೇರೆಡೆಯವರು ಕದಿಯಬಾರದು ಎಂಬ ಈ ತತ್ತ್ವವನ್ನು ಫ್ರಾನ್ಸ್ ದೇಶವು 1935ರಲ್ಲಿ ತನ್ನ ದ್ರಾಕ್ಷಾರಸಕ್ಕೆ ಕಾಯಿದೆಯಾಗಿ ಮಾಡಿಕೊಂಡಿತ್ತು. ಭಾರತದಲ್ಲಿ ಅದು 1999ರ ಕಾಯಿದೆಯಾಗಿ ಬಂತು. ತಾಂಡೂರಿನ ಕಾಗಿಣಾ ಹೊಳೆಯ ಜೊತೆಗೇ ಕೆಳಮುಖವಾಗಿ ನಡೆದರೆ ಸೇಡಂ ದಾಟಿ ಮಳಖೇಡ ಸಿಗುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದೆ. ರಾಯಿಕೋಡಿನ ಉತ್ತರಕ್ಕೆ ಹರಿಯುವ ಮಂಜೀರಾ ಕೊನೆಗೆ ಸೇರುವುದು ಆ ಗೋದಾವರಿಯನ್ನೇ.

ಇಷ್ಟೆಲ್ಲ ಇರುವ ನೆಲದಲ್ಲಿ ದಾರಿಗಳ ಗತಿ ಏನು? ಮಂಜೀರಾ ನದಿಗೆ ಸಿಂಗೂರಿನಲ್ಲಿ ಕಟ್ಟಿದ ಜಲಾಶಯದ ಹಿನ್ನೀರು ಹೊಳೆಯಾಚೆಯ ನಾರಾಯಣಖೇಡ ಸೀಮೆಗೂ ಈಚೆಗೂ ಇದ್ದ ಹಳೆಯ ನಂಟನ್ನು ದೂರ ಮಾಡಿತು. ಝರಾಸಂಗಮ, ನ್ಯಾಲಕಲ್ ಮಂಡಲಗಳಲ್ಲಿ 12,600 ಎಕರೆಗೂ ಮಿಕ್ಕಿದ ನೆಲವನ್ನು ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆಂದು ಗೊತ್ತುಮಾಡಲಾಗಿದೆ. ಕೈಗಾರಿಕೆ ಬೇಡವೆನ್ನುವುದು ಸುಲಭವಲ್ಲ. ಕೆಲಸ ಹುಡುಕಿ ಹೈದರಾಬಾದಿಗೆ ಹೋಗುವ ಹುಡುಗರ ಸಂಕಟವೂ ನಿಜವೇ. ಆದರೆ ಹೊಲಕ್ಕೆ ಪರಿಹಾರ ನಿರ್ಧರಿಸುವಾಗ ಹೊಲದ ನಡುವಿನ ದಾರಿಯನ್ನು ಯಾರ ಆಸ್ತಿಯೆಂದು ಎಣಿಸಬೇಕೆಂಬ ಪ್ರಶ್ನೆ ಬಹಳ ಸಲ ಏಳುವುದೇ ಇಲ್ಲ. ಎಲ್ಲರದೂ ಆದದ್ದಕ್ಕೆ ಅರ್ಜಿ ಹಾಕುವವರು ಯಾರೂ ಇರುವುದಿಲ್ಲ.

ಇವೆರಡೂ ದೊಡ್ಡ ಸಂಗತಿಗಳು. ದಿನನಿತ್ಯದ ನಷ್ಟ ಇದಕ್ಕಿಂತ ಸಣ್ಣದು, ಸದ್ದಿಲ್ಲದ್ದು. ಟ್ರ್ಯಾಕ್ಟರಿನ ಒಂದೊಂದು ಸಾಲು ಪ್ರತಿ ವರ್ಷ ದಾರಿಯ ಕಡೆಗೆ ಸರಿಯುತ್ತದೆ. ಹಿಡುವಳಿ ಮಾರಾಟವಾಗಿ ಊರಿಗೆ ಅಪರಿಚಿತರಾದವರು ತಂತಿ ಕಟ್ಟುತ್ತಾರೆ. ಅವರ ಕಾಗದದಲ್ಲಿ ಎಕರೆ, ಗುಂಟೆಗಳಿರುತ್ತವೆಯೇ ಹೊರತು ಯಾತ್ರೆಯ ಜನ ಹೋಗುವ ವಾಡಿಕೆ ಬರೆದಿರುವುದಿಲ್ಲ. ನಡೆಯುವವರು ಸುತ್ತು ಹಾಕಿ ಡಾಂಬರು ರಸ್ತೆಗೆ ಹೋಗುತ್ತಾರೆ. ಎರಡು ಮಳೆಗಾಲ ಕಳೆದರೆ ಅಲ್ಲಿ ದಾರಿ ಇತ್ತೆಂಬುದೇ ಮರೆತುಹೋಗುತ್ತದೆ.

ಕಾನೂನು ಇಲ್ಲಿ ಕೈಚೆಲ್ಲಿ ಕುಳಿತಿಲ್ಲ. ಹೊಲದ ದಾರಿಗಳು ಎರಡು ಬಗೆ. ಒಂದು, ಗ್ರಾಮನಕ್ಷೆಯಲ್ಲಿ ಗುರುತಿಸಿದ ಬಂಡಿದಾರಿ. ಅದು ಊರಿಗೆಲ್ಲ ಸೇರಿದ್ದು. ಅಕ್ಕಪಕ್ಕದ ಹೊಲದ ಮಾಲೀಕನು ಎಷ್ಟೇ ವರ್ಷ ಉತ್ತಿದ್ದರೂ ಆ ಕಾರಣಕ್ಕೇ ಅವನದಾಗುವುದಿಲ್ಲ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗ್ರಾಮದ ಸಾಮೂಹಿಕ ಭೂಮಿಗಳ ಒತ್ತುವರಿಯನ್ನು ತೆರವು ಮಾಡಲು ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಇನ್ನೊಂದು, ನಕ್ಷೆಯಲ್ಲಿ ಕಾಣದ, ಖಾಸಗಿ ಹೊಲದ ಮೇಲೆ ರೂಢಿಯಿಂದ ನಡೆದುಬಂದ ಕಾಲುದಾರಿ. ಇಪ್ಪತ್ತು ವರ್ಷಗಳ ಕಾಲ ಶಾಂತವಾಗಿ, ಬಹಿರಂಗವಾಗಿ, ಅನುಮತಿಯ ದಾಕ್ಷಿಣ್ಯದಿಂದಲ್ಲದೆ ಹಕ್ಕೆಂದು, ಎಡೆಬಿಡದೆ ಒಂದು ಹೊಲಕ್ಕೆ ಮತ್ತೊಂದರ ಮೂಲಕ ಹೋಗಿಬಂದವರಿಗೆ ಆ ದಾರಿಯ ಮೇಲೆ ಅನುಭೋಗದ ಹಕ್ಕು ಹುಟ್ಟುತ್ತದೆ. ಕೋರ್ಟಿನ ಭಾಷೆಯಲ್ಲಿ ಇದೇ ಈಸ್‌ಮೆಂಟ್. ಆದರೆ ಒಂದು ಷರತ್ತನ್ನು ಬಹಳ ಜನ ಅರಿಯರು. ಆ ಇಪ್ಪತ್ತು ವರ್ಷಗಳು ದಾವೆ ಹೂಡುವ ದಿನಕ್ಕಿಂತ ಹಿಂದಿನ ಎರಡು ವರ್ಷಗಳೊಳಗೆ ಮುಗಿದಿರಬೇಕು. ಎಂದರೆ, ಬೇಲಿ ಬಿದ್ದ ಮೇಲೆ ಸುಮ್ಮನಿರಲು ಇರುವ ಕಾಲ ಬಹಳ ಕಡಿಮೆ. ಅಜ್ಜನ ಕಾಲದಿಂದ ನಡೆದಿದ್ದೆವು ಎಂಬ ಮಾತು, ಮೂರು ವರ್ಷದಿಂದ ನಡೆದಿಲ್ಲ ಎಂಬ ಮಾತಿನೆದುರು ಸೋಲುತ್ತದೆ.

ಆದ್ದರಿಂದ ಮಾಡಬೇಕಾದ ಕೆಲಸ ದೊಡ್ಡ ಖರ್ಚಿನದಲ್ಲ. ಗ್ರಾಮನಕ್ಷೆಯ ದೃಢೀಕೃತ ಪ್ರತಿಯನ್ನು ಪ್ರತಿಯೊಂದು ಊರೂ ಪಡೆದಿಟ್ಟುಕೊಳ್ಳಬಹುದು. ಹಿರಿಯರು ಬಲ್ಲ ದಾರಿಗಳನ್ನು ಅವರೊಡನೆ ನಡೆದು, ಸರ್ವೆ ನಂಬರಿನೊಡನೆ ಬರೆದು, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಬಹುದು. ಗಡಿಯ ಎರಡೂ ಕಡೆಯ ಪಂಚಾಯಿತಿಗಳು ಇದನ್ನು ಮಾಡಿದರೆ ರಾಯಿಕೋಡಿನಿಂದ ಅಷ್ಟೂರಿನವರೆಗೆ ಎರಡು ಮೂರು ಹಗಲುಗಳ ಒಂದು ನಡಿಗೆ ಕಾಗದದ ಮೇಲೂ ನೆಲದ ಮೇಲೂ ಉಳಿಯುತ್ತದೆ. ಒಂದು ಡಬ್ಬಿ ಸುಣ್ಣ, ಒಂದು ಡಬ್ಬಿ ಕೆಮ್ಮಣ್ಣು ಇದ್ದರೆ ಬೇವಿನ ಮರಕ್ಕೂ ಬದುವಿನ ಕಲ್ಲಿಗೂ ಗುರುತು ಹಾಕಲು ಸಾಕು. ಗುಡಿಯ ಗೋಡೆಗೆ ಆ ಎರಡು ಬಣ್ಣಗಳ ಪಟ್ಟೆ ಬಳಿಯುವುದು ನಮ್ಮ ಊರುಗಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಮತ್ತು, ನಡೆಯಬೇಕು. ಬರುವ ಶಿವರಾತ್ರಿಗೆ ಝರಾಸಂಗಮಕ್ಕೆ ಹೋಗುವ ಮನೆಗಳಲ್ಲಿ ಮುದುಕರು ಬಸ್ಸು ಹತ್ತಲಿ. ಕಾಲು ಗಟ್ಟಿಯಿರುವ ಮಕ್ಕಳು, ಮೊಮ್ಮಕ್ಕಳು ಬೆಳಗಿನ ತಂಪಿನಲ್ಲಿ ಬುತ್ತಿ ಕಟ್ಟಿಕೊಂಡು ಹೊಲದ ದಾರಿ ಹಿಡಿಯಲಿ. ಬೇಲಿ ಸಿಕ್ಕಲ್ಲಿ ಜಗಳ ಬೇಡ. ಹೊಲದವರನ್ನು ಕರೆದು, ಈ ದಾರಿ ಸಂಗಮೇಶ್ವರನಿಗೆ ಹೋಗುವುದೆಂದು ತಿಳಿಸಿ, ನೀರು ಕೇಳಿ ಕುಡಿದು ಮುಂದೆ ಹೋಗಲಿ. ಆ ದಿನದ ತಾರೀಖನ್ನು ಒಬ್ಬರು ಬರೆದಿಟ್ಟುಕೊಳ್ಳಲಿ.